ವಿನೋದಾಳ ಉಪ್ಪಿನ ಮರಿಗೆ

ನಾನು ಕೆತ್ತಿದ ಸೌಟನ್ನು ಬಂಟ್ವಾಳದಲ್ಲಿ ಒಂದು ಸುತ್ತು ತಿರುಗಿಸಿದರೆ ಬೆಳ್ತಂಗಡಿಯಲ್ಲಿ ಹಸಿದು ಮಲಗಿದವನಿಗೆ ತೇಗು ಬರುತ್ತಿತ್ತು. ನಗಬೇಡಿ. ಮೂಡುಬಿದಿರೆಯ ಹೋಟೆಲಿನವರೊಬ್ಬರು ನನ್ನಿಂದ ಸೌಟು ಕೊಂಡುಹೋದ ಮೇಲೆ ಸಾರಿಗೆ ಬೇಳೆ ಹಾಕುವುದನ್ನೇ ಬಿಟ್ಟರು. ಸೌಟು ಮುಳುಗಿಸಿದರೆ ಸಾಕು, ನೀರು ನಾಚಿಕೊಂಡು ತಾನೇ ದಪ್ಪವಾಗುತ್ತಿತ್ತು. ಈ ಮಾತನ್ನು ನಾನು ಪೇಟೆಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಹೊಟ್ಟೆ ಖಾಲಿಯಿದ್ದ ಕೆಲವು ಮಧ್ಯಾಹ್ನ ಯಾರೂ ನೋಡದಾಗ ನಾನೇ ಬರಿಯ ಸೌಟನ್ನು ಗಾಳಿಯಲ್ಲಿ ತಿರುಗಿಸಿ ಪರೀಕ್ಷಿಸಿದ್ದುಂಟು. ದೊಡ್ಡ ಆಚಾರಿಗಳಿಗೆ ಮನೆಯ ದಾರಂದ ಬೇಕು, ಹಲಗೆಯ ಮುಚ್ಚಿಗೆ ಬೇಕು, ದೇವಸ್ಥಾನದ ಬಾಗಿಲು ಬೇಕು. ನನಗೆ ಅವರು ಬಿಸಾಡಿದ್ದು ಸಾಕು. ಹೊಳೆಬದಿಯಲ್ಲಿ ಅಬ್ದುಲ್ ರವೂಫ್ ಸಾಹುಕಾರರ ಮರದ ಮಿಲ್ಲು. ಅದರ ಹಿಂದೆ ರಾಶಿ ಬೀಳುವ ತುಂಡುಗಳು, ಹಳೆಮನೆ ಕೆಡವಿದಲ್ಲಿ ಸಿಗುವ ಕಂಬದ ಬುಡ, ಹಂಚಿನಡಿಯ ಪಕ್ಕಾಸಿನ ತುದಿ, ಇವೇ ನನ್ನ ಕಾಡು. ಬೀಟೆಯ ಚೂರಿನಲ್ಲಿ ಲಟ್ಟಣಿಗೆ, ಸಾಗುವಾನಿಯ ಸೀಳಿನಲ್ಲಿ ಸೌಟಿನ ಹಿಡಿ, ಹಲಸಿನ ಗಂಟಿನಲ್ಲಿ ಉಪ್ಪು ಹಾಕಿಡುವ ಮರಿಗೆ. ತುಂಡು ಎಲ್ಲಿಯದೆಂದು ಕೇಳಿದವರಿಗೆ ನಾನು ಎಂದೂ ಮಿಲ್ಲಿನ ಹಿಂದಿನದು ಎಂದು ಹೇಳಿದವನಲ್ಲ. ಈ ಹಿಡಿ ಅರಮನೆಯ ಪಲ್ಲಕ್ಕಿಯದು, ಈ ಮರಿಗೆ ಸಮುದ್ರದಲ್ಲಿ ಏಳು ವರ್ಷ ತೇಲಿದ ಹಡಗಿನದು, ಈ ಮಣೆಯಲ್ಲಿ ಕೂತು ಮೂವರು ರಾಣಿಯರು ಕಾಯಿ ತುರಿದಿದ್ದಾರೆ. ಹೆಂಗಸರು ನಕ್ಕು ಕೊಳ್ಳುತ್ತಿದ್ದರು. ಗಂಡಸರು ನನ್ನನ್ನು ಸೌಟಾಚಾರಿ ಎನ್ನುತ್ತಿದ್ದರು, ಬೆನ್ನ ಹಿಂದೆ, ಆದರೆ ನನಗೆ ಕೇಳುವ ಹಾಗೆ. ಹೆಸರು ಅಣ್ಣು ಆಚಾರಿ ಎಂದು ನಾನೇ ಆಗಾಗ ಜ್ಞಾಪಿಸಬೇಕಾಗುತ್ತಿತ್ತು.

ಆ ಆಟಿ ತಿಂಗಳ ಬೆಳಗ್ಗೆ ನಾನು ಜಗಲಿಯಲ್ಲಿ ಕೂತು ಬೆಳ್ತಂಗಡಿಯ ಬಸ್ಸಿನ ಸದ್ದಿಗೆ ಕಿವಿ ಕೊಟ್ಟಿದ್ದೆ. ಮಡಿಲಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಉಪ್ಪಿನ ಮರಿಗೆ, ಅಂಗೈಯಗಲದ್ದು. ನೆರೆ ಇಳಿದು ಹೆಚ್ಚು ದಿನವಾಗಿರಲಿಲ್ಲ. ಗೋಡೆಯಲ್ಲಿ ಮೊಣಕಾಲಿನೆತ್ತರಕ್ಕೆ ಕೆಸರಿನ ಗೆರೆ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದವರಿಗೆ ನಾನು ಮಾಡಿನ ಹಂಚು ತೋರಿಸುತ್ತಿದ್ದೆ. ಒಳಗೆ ಹೆಂಡತಿ ಸರಸ ಒದ್ದೆ ಚಾಪೆಗಳನ್ನು ಮಗುಚಿ ಹಾಕುತ್ತಿದ್ದ ಸದ್ದು. ನೆರೆಯ ಆ ದಿನದಿಂದ ಅವಳು ನನ್ನೊಡನೆ ಬೇಕಾದಷ್ಟೇ ಆಡುತ್ತಿದ್ದಳು: ಏಳಿ, ಉಣ್ಣಿ, ದಾರಿ ಬಿಡಿ. ಮಡಿಲಲ್ಲಿದ್ದ ಮರಿಗೆಯ ಭಾರ ಒಂದು ಗುಬ್ಬಿಯಷ್ಟೂ ಇರಲಿಲ್ಲ, ಆದರೂ ತೊಡೆ ಜೋಮು ಹಿಡಿದಿತ್ತು. ಅದು ಬೆಳ್ತಂಗಡಿಯ ಆಚೆಯ ಸೇಸಮ್ಮನವರ ದೊಡ್ಡ ಮಗಳು ವಿನೋದಾಳಿಗೆ. ವಿನೋದಾಳಿಗೆ ಮದುವೆ. ವಿನೋದಾ ಸತ್ತು ಇಪ್ಪತ್ತು ವರ್ಷವಾಗಿತ್ತು.

ನಮ್ಮ ಕಡೆ ಸತ್ತ ಮಕ್ಕಳು ಸತ್ತಲ್ಲಿಗೇ ನಿಲ್ಲುವುದಿಲ್ಲ. ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಕೇಳುತ್ತಾರೆ. ಕೊಡದಿದ್ದರೆ ಬದುಕಿರುವವರ ಮದುವೆಗೆ, ಬಸಿರಿಗೆ ಅಡ್ಡ ಕೂರುತ್ತಾರೆ. ಅಂಥವರನ್ನು ಕುಲೆ ಎನ್ನುತ್ತೇವೆ. ಬದುಕಿರುವವರಿಗೆ ಮದುವೆ ಇಲ್ಲದ ಆಟಿ ತಿಂಗಳಲ್ಲಿ ಅವರ ಮದುವೆ: ಸೀರೆ, ಕರಿಮಣಿ, ಊಟ, ಎಲ್ಲವೂ ಕ್ರಮವಾಗಿ. ಮಳೆ ಹಿಡಿಯುವ ಮೊದಲೊಂದು ದಿನ ಸೇಸಮ್ಮ ಬಸ್ಸಿನಿಂದ ಇಳಿದು ಒಂದು ಕಟ್ಟು ಹಲಸಿನ ಮರವನ್ನು ಇದೇ ಜಗಲಿಯಲ್ಲಿ ಇಳಿಸಿದ್ದರು. ಬಿಚ್ಚಿದರೆ ತೊಟ್ಟಿಲು, ಗೂಟ ಕಳಚಿದ ಹಲಗೆಗಳು, ಮುಷ್ಟಿ ದಪ್ಪದ ಕಾಲುಗಳು. ಅವರ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ತಾವು ಮಲಗಿದ ತೊಟ್ಟಿಲಿನ ಮರದಿಂದ ಮಾಡಿದ ಮರಿಗೆಯಲ್ಲಿ ಒಂದು ಹಿಡಿ ಉಪ್ಪು ಒಯ್ಯಬೇಕಂತೆ. ಹೊಸ ಅಡುಗೆಮನೆಯಲ್ಲಿ ಅದನ್ನಿಟ್ಟ ಮೇಲೆಯೇ ಅವಳು ಆ ಮನೆಯವಳು. ಇಲ್ಲದಿದ್ದರೆ ತಿರುಗಿ ಬರುತ್ತಾಳೆ.

"ಹುಡುಗಿಗೆ ಪ್ರಾಯ ಎಷ್ಟು?" ಎಂದು ಕೇಳಿದ್ದೆ, ಕೈಯ ಅಳತೆಗೆ.

"ಇದ್ದಿದ್ದರೆ," ಎಂದು ಶುರುಮಾಡಿ ಸೇಸಮ್ಮ ತಡೆದರು. "ಇಪ್ಪತ್ತೊಂದು ನಡೀತಾ ಉಂಟು. ಮೂಡುಬಿದಿರೆ ಕಡೆಯ ಹುಡುಗ. ಅವನೂ ತೊಟ್ಟಿಲಲ್ಲೇ ಹೋದದ್ದಂತೆ. ಒಳ್ಳೆಯ ಮನೆ."

ಆಮೇಲೆ ಅವರು ತೊಟ್ಟಿಲ ಅಂಚಿನ ಪಟ್ಟಿಯನ್ನು ಹುಡುಕಿ ತೆಗೆದು ಅದರ ಒಂದು ಜಾಗದ ಮೇಲೆ ನನ್ನ ಬೆರಳನ್ನು ಹಿಡಿದು ಇಟ್ಟರು. ಎರಡು ಸಣ್ಣ ಕಚ್ಚು. "ಇದು ಅವಳ ಹಲ್ಲು. ಜ್ವರದಲ್ಲಿ ಎದ್ದು ಕೂತು ಕಚ್ಚಿದ್ದು. ಈ ಜಾಗ ಬಿಡಬೇಡ ಮಾರಾಯ, ಮರಿಗೆಯ ಬಾಯಿಗೆ ಇದು ಬರಲಿ." ಪಟ್ಟಿ ತೆಳ್ಳಗಿತ್ತು, ಅದರಲ್ಲಿ ಮರಿಗೆ ಹುಟ್ಟುವುದಿಲ್ಲ; ಕಾಲಿನ ಮರ ಕೊರೆದು ಬಾಯಿಗೆ ಆ ತುಂಡನ್ನು ಬೆಸೆಯಬೇಕು, ಕಷ್ಟದ ಕೆಲಸ. ನಾನು ಹಾಗೆ ಹೇಳಿದೆನೇ? "ಮರದ ವಿಷಯ ಅಣ್ಣು ಆಚಾರಿಗೆ ಹೇಳುವುದಾ ಸೇಸಮ್ಮಕ್ಕ? ನಾನು ಮಾಡಿದ ಮರಿಗೆಯಿಂದ ನಿಮ್ಮ ಮಗಳು ಉಪ್ಪು ಬಡಿಸಿದರೆ ಯಮ ಉಂಡು, ಅವನ ಎಲೆ ಅವನೇ ಎತ್ತಿ ಹೋಗಬೇಕು!" ಎಂದೆ. ಸೇಸಮ್ಮ ನಗಲಿಲ್ಲ. "ಜಲಜಾಕ್ಷಿ ಮತ್ತೆ ಬಸುರಿ," ಎಂದರು. ಜಲಜಾಕ್ಷಿ ಅವರ ಕಿರಿಯ ಮಗಳು. ಹಿಂದಿನ ಬಸಿರು ಇಳಿದು ಹೋದದ್ದು ಪೇಟೆಯಲ್ಲಿ ನನ್ನ ಕಿವಿಗೂ ಬಿದ್ದಿತ್ತು. ಅಕ್ಕ ಹೊಸ್ತಿಲಲ್ಲಿ ಹಸಿದು ಕೂತಿದ್ದಾಳೆ ಎಂದು ಜೋಯಿಸರ ಪ್ರಶ್ನೆಯಲ್ಲಿ ಕಂಡಿತ್ತಂತೆ. "ಒಣಗಿದಲ್ಲಿ ಇಡು," ಎಂದು ಸೇಸಮ್ಮ ಎದ್ದರು. ಮಕ್ಕಳಿಲ್ಲದ ನನ್ನ ಮನೆಯಲ್ಲಿ ಅದೇ ಮೊದಲ ತೊಟ್ಟಿಲು. ಸರಸ ಅದನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು, ಹುಳ ಹಿಡಿಯದ ಹಾಗೆ, ಬೆಚ್ಚಗೆ. ಅವಳು ಅಲ್ಲಿ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದನ್ನು ನಾನು ನೋಡಿ ನೋಡದ ಹಾಗೆ ಮಾಡಿದೆ. ಅರ್ಧ ದಿನದ ಕೆಲಸ, ಒಂದು ಉಸಿರಿನ ಕೆಲಸ ಎಂದು ಊರಿಡೀ ಹೇಳಿದ್ದರಿಂದ ಶುರುಮಾಡುವ ಅವಸರವಿರಲಿಲ್ಲ.

ಬಸ್ಸು ಬಂದ ಸದ್ದಾಯಿತು, ಅಲ್ಲ, ಲಾರಿ. ಸೀರೆಯ ಸುತ್ತು ಬಿಗಿ ಮಾಡಿದೆ. ನೆರೆಯ ಆ ದಿನ ನೇತ್ರಾವತಿ ಸದ್ದೇ ಮಾಡದೆ ಬಂದಿದ್ದಳು. ಬೆಳಗ್ಗೆ ಕಾಲಿಳಿಸಿದರೆ ನೆಲವಿಲ್ಲ, ನೀರು. ಮಿಲ್ಲಿನ ಹಿಂದಿನ ನನ್ನ ಕಾಡು ಅಷ್ಟೂ ತೇಲಿ ಹೋಗಿತ್ತು. ಮನೆಯ ಮೂಲೆಯ ಚಕ್ಕೆ ಹೊಟ್ಟು ನೀರು ಕುಡಿದು ಅಂಬಲಿಯಾಗಿತ್ತು. ರೇಷನ್ ಅಂಗಡಿಗೆ ಬೀಗ. ಬೀದಿಯಲ್ಲಿ ಒಂದೇ ಒಂದು ಮಾಡಿನಿಂದಲೂ ಹೊಗೆ ಏಳುತ್ತಿರಲಿಲ್ಲ. ನಾವಿಬ್ಬರೂ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಮಾರನೆಯ ದಿನಕ್ಕೆ ಬಂದೆವು. ಜಗತ್ತಿನಲ್ಲಿ ಎಲ್ಲವನ್ನೂ ಹಿಗ್ಗಿಸಿ ಹೇಳಬಲ್ಲ ನನಗೆ ಹಸಿವೊಂದನ್ನು ಹಿಗ್ಗಿಸಲು ಬರುವುದಿಲ್ಲ ಎಂದು ಆಗ ಗೊತ್ತಾಯಿತು. ಅದು ಇರುವಷ್ಟೇ ಇರುತ್ತದೆ, ಮಾತು ಅದರೊಳಗೆ ಬಿದ್ದು ಸದ್ದು ಮಾಡುವುದಿಲ್ಲ. ಆಗ ನೆರೆಮನೆಯ ಬೀಪಾತುಮ್ಮ ಸೀರೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ಬಂದರು, ತಲೆಯ ಮೇಲೆ ಒಂದು ತಪ್ಪಲೆ.

"ಆಚಾರೀ, ಬದುಕಿದ್ದೀಯಾ? ಸ್ವಲ್ಪ ಕುಚ್ಚಲಕ್ಕಿ ಉಂಟು, ತಕೋ. ಕಟ್ಟಿಗೆ ಉಂಟಾ? ಇಲ್ಲದಿದ್ದರೆ ಹೇಳು, ನಮ್ಮ ಅಟ್ಟದಲ್ಲಿ ಒಣಗಿದ ತೆಂಗಿನ ಮಡಲು ಉಂಟು. ತಂದುಕೊಡ್ತೇನೆ."

ಇಲ್ಲ ಎನ್ನಬೇಕಿತ್ತು. ಎರಡೇ ಅಕ್ಷರ. ಆದರೆ ಇದೇ ಬೀಪಾತುಮ್ಮನಿಗೆ, ಇದೇ ಬೀದಿಗೆ, ನನ್ನ ಮನೆಯ ಮರ ಹನ್ನೆರಡು ವರ್ಷ ಉರಿಸಿದರೂ ಮುಗಿಯದು ಎಂದು ಹೇಳುತ್ತಾ ಬಂದವನು ನಾನು. "ಕಟ್ಟಿಗೆಯಾ! ಅಣ್ಣು ಆಚಾರಿಯ ಮನೆಯಲ್ಲಿ ಕಟ್ಟಿಗೆ ಇಲ್ಲ ಅಂದರೆ ಸಮುದ್ರದಲ್ಲಿ ಉಪ್ಪಿಲ್ಲ ಅಂದ ಹಾಗೆ. ಬೇಕಾದರೆ ನಿಮಗೇ ಒಂದು ಗಾಡಿ ಕಳಿಸ್ತೇನೆ ಬೀಪಾತುಮ್ಮ," ಎಂದೆ. ಅವರು ನಕ್ಕು, "ನೀನು ನೀರಿನಲ್ಲಿ ಮುಳುಗಿದರೂ ನಿನ್ನ ಬಾಯಿ ತೇಲ್ತದೆ ಮಾರಾಯ," ಎನ್ನುತ್ತಾ ತಿರುಗಿದರು. ಹಿಂದಿನಿಂದ ಸರಸ ಮೆಲ್ಲಗೆ, "ಕರೆಯಿರಿ ಅವರನ್ನು," ಎಂದಳು. ಬೀಪಾತುಮ್ಮ ನಿಧಾನ ನಡೆಯುತ್ತಿದ್ದರು, ನೀರು ತಳ್ಳುತ್ತಾ, ಒಂದು ಕೂಗಿಗೆ ಸಿಗುವಷ್ಟು ದೂರದಲ್ಲಿ, ಬಹಳ ಹೊತ್ತು. ನಾನು ಕೂಗಲಿಲ್ಲ.

ಇಡೀ ಮನೆಯಲ್ಲಿ ಒಣಗಿದ್ದೆಂದರೆ ಅಟ್ಟದ ಮೇಲಿನದು ಒಂದೇ. ಒಂದು ಹಲಗೆ ಸಾಕು ಎಂದುಕೊಂಡೆ. ಮರಿಗೆಗೆ ಬೇಕಾದದ್ದು ಒಂದು ಕಾಲು, ಅಂಚಿನ ಒಂದು ತುಂಡು, ಉಳಿದದ್ದು ಹೇಗೂ ಬರಿಯ ಮರ. ಸರಸ ಏಣಿಯ ಬುಡ ಹಿಡಿದುಕೊಂಡಳು. "ಬೇಡ. ನಾಳೆವರೆಗೆ ಹಸಿದಿರುವ," ಎಂದಳು. "ಮರಕ್ಕೆ ಪ್ರಾಣ ಉಂಟಾ ಮಾರಾಯ್ತಿ?" ಎಂದು ಇಳಿಸಿದೆ. ಕುಚ್ಚಲಕ್ಕಿ ಬೇಯುವುದಕ್ಕೆ ಎಷ್ಟು ಹೊತ್ತು ಬೇಕೆಂದು ಉಂಡವರಿಗೆ ಗೊತ್ತಿಲ್ಲ, ಬೇಯಿಸುವವರಿಗೆ ಗೊತ್ತು. ಒಲೆಯೂ ಒದ್ದೆ, ಪಾತ್ರೆಯೂ ಒದ್ದೆ. ನೀರು ಇನ್ನೇನು ಕುದಿಯಬೇಕು ಎನ್ನುವಾಗ ಹಲಗೆ ಮುಗಿಯಿತು, ಮತ್ತೊಂದು ಇಟ್ಟೆ. ಅಕ್ಕಿ ಅರಳಬೇಕು ಎನ್ನುವಾಗ ಅದೂ ಕೆಂಡವಾಗಿ ಕೂತಿತು. ಈಗ ನಿಲ್ಲಿಸಿದರೆ ಉರಿಸಿದ್ದೂ ದಂಡ, ಅಕ್ಕಿಯೂ ದಂಡ. ಒಂದು ಕಾಲು. ಇನ್ನೊಂದು ಕಾಲು. ಹಲಸಿನ ಹೊಗೆಗೆ ಒಂದು ಸಿಹಿ ವಾಸನೆಯಿದೆ, ತೊಳೆ ಬಿಡಿಸಿದ ಕೈಯ ವಾಸನೆ. ಅದು ಮನೆ ತುಂಬಿತು. ಕೊನೆಗೆ ಕೈಯಲ್ಲಿ ಅಂಚಿನ ಪಟ್ಟಿ ಮಾತ್ರ. ಗಂಜಿ ತಳದಲ್ಲಿ ಗೊಟಗೊಟ ಎನ್ನುತ್ತಿತ್ತು. ಕಚ್ಚಿನ ಜಾಗವನ್ನು ಒಳಗಡೆಗೆ ತಿರುಗಿಸಿ ಇಟ್ಟೆ, ನನಗೆ ಕಾಣದ ಹಾಗೆ. ಗಂಜಿ ಚೆನ್ನಾಗಿತ್ತು. ಅದನ್ನು ಹೇಳಬಾರದು, ಆದರೆ ಅಷ್ಟು ರುಚಿಯ ಗಂಜಿಯನ್ನು ನಾನು ಅದಕ್ಕೆ ಮೊದಲು ಉಂಡಿರಲಿಲ್ಲ. ಎರಡನೆಯ ಸಲ ಬಡಿಸಿಕೊಂಡೆ. ಸರಸ ಗೋಡೆಗೆ ಮುಖ ಮಾಡಿ ಉಂಡಳು, ಪೂರ್ತಿ ಉಂಡಳು.

ನೆರೆ ಇಳಿದ ಮೇಲೆ ಮಿಲ್ಲಿನ ಹಿಂದಿನ ಕೆಸರಿನಲ್ಲಿ ಕೈಯಾಡಿಸಿ ಒಂದು ಹೆಬ್ಬಲಸಿನ ತುಂಡು ಎತ್ತಿದೆ. ಹಲಸಿನ ಸೋದರನೇ, ಆದರೆ ಆ ಹಳದಿ ಇಲ್ಲ. ಅರಸಿನ ಅರೆದು ಎಣ್ಣೆಯಲ್ಲಿ ಕಲಸಿ ತಿಕ್ಕಿದೆ, ಒಲೆಯ ಮೇಲೆ ಹೊಗೆ ಹಿಡಿಸಿದೆ, ಇಪ್ಪತ್ತು ವರ್ಷ ಅಟ್ಟದಲ್ಲಿದ್ದ ಬಣ್ಣ ಬಂತು. ಆಮೇಲೆ ಸಣ್ಣ ಉಳಿ ತೆಗೆದುಕೊಂಡು ಬಾಯಿಯ ಅಂಚಿನಲ್ಲಿ ಹಲ್ಲು ಕೆತ್ತಿದೆ. ಮಗುವಿನ ಬಾಯಿಯನ್ನು ಮನಸ್ಸಿನಲ್ಲಿ ತೆರೆದು, ಅದು ಹೇಗೆ ಕಚ್ಚೀತು, ಎಷ್ಟು ಒತ್ತೀತು ಎಂದು ನೋಡಿ ನೋಡಿ. ನನ್ನ ಕೈ ಅಷ್ಟು ಸ್ಥಿರವಾಗಿ ಎಂದೂ ಇದ್ದದ್ದಿಲ್ಲ. ಮುಗಿದಾಗ ಹೆಮ್ಮೆಯಾಯಿತು. ಯಾರಿಗಾದರೂ ತೋರಿಸಬೇಕೆನ್ನಿಸಿತು. ತೋರಿಸಲು ಸರಸ ಒಬ್ಬಳೇ ಇದ್ದಳು. ಅವಳು ನೋಡಿ, ಕೈ ತೊಳೆಯಲು ಎದ್ದು ಹೋದಳು.

ಇದನ್ನೆಲ್ಲ ನೆನೆಯುತ್ತಿದ್ದಾಗ ಸೇಸಮ್ಮ ಯಾವಾಗ ಬಂದು ಅಂಗಳದಲ್ಲಿ ನಿಂತರೋ ನನಗೆ ತಿಳಿಯಲಿಲ್ಲ. ಮೆಟ್ಟಿಲಲ್ಲಿ ಕೂತು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಮರಿಗೆಯ ಸುತ್ತು ಬಿಚ್ಚಿದರು. ಮೂಸಿದರು.

"ಅರಸಿನ ಹಚ್ಚಿದ್ದೀಯಾ ಆಚಾರಿ?"

"ಮದುಮಗಳಲ್ಲವಾ ಸೇಸಮ್ಮಕ್ಕ!" ಎಂದು ನಾಲಗೆ ತಾನೇ ಹೇಳಿತು.

ಅವರ ಕಣ್ಣು ತುಂಬಿತು. "ನೋಡು, ಹೆತ್ತ ನನಗೆ ತೋಚಲಿಲ್ಲ. ನಿನಗೆ ತೋಚಿತು."

ನಾನು ಗೆದ್ದೆ ಎಂದುಕೊಂಡ ಆ ಗಳಿಗೆಯಷ್ಟು ಹೇಸಿಗೆಯ ಗಳಿಗೆ ನನ್ನ ಬದುಕಿನಲ್ಲಿ ಬೇರೆ ಇಲ್ಲ. ಸೇಸಮ್ಮನ ಹೆಬ್ಬೆರಳು ಮರಿಗೆಯ ಬಾಯಿಯನ್ನು ಹುಡುಕಿಕೊಂಡು ಸುತ್ತು ಬಂತು, ಕಚ್ಚಿನ ಮೇಲೆ ಬಂದು ನಿಂತಿತು. ನಗು ಬಂತು ಮುಖಕ್ಕೆ. ಆಮೇಲೆ ತೋರುಬೆರಳು ಕೆಳಗಿನಿಂದ ಬಂದು ಅಂಚಿನ ಅಡಿಯನ್ನು ಮುಟ್ಟಿತು, ಅಲ್ಲೇ ಉಳಿಯಿತು. ಮುಖದ ನಗುವನ್ನು ತೆಗೆಯಲು ಅವರು ಮರೆತರು.

"ಮೇಲೂ ಉಂಟು, ಕೆಳಗೂ ಉಂಟು," ಎಂದರು. "ಅವಳಿಗೆ ಮೇಲಿನ ಹಲ್ಲು ಬಂದೇ ಇರಲಿಲ್ಲ ಆಚಾರಿ. ಬರುವ ಮೊದಲೇ ಹೋದಳು. ಇದು ಕಚ್ಚಿದ್ದಲ್ಲ. ಕೆತ್ತಿದ್ದು."

"ನೆರೆ, ಸೇಸಮ್ಮಕ್ಕ!" ಎಂದು ನಾನು ಎದ್ದೇ ಬಿಟ್ಟೆ. "ಎಂಥ ನೆರೆ! ನೀರು ಅಟ್ಟ ಹತ್ತಿತು. ತೊಟ್ಟಿಲು ತೇಲಿತು. ನಾನು ಹಾರಿದೆ, ಪಾಣೆಮಂಗಳೂರಿನ ಸಂಕದ ಅಡಿಯವರೆಗೆ ಈಜಿದೆ, ಅಂಚು ಕೈಗೆ ಸಿಕ್ಕಿತ್ತು, ಇಷ್ಟು, ಇಷ್ಟೇ ಬೆರಳಿಗೆ..." ನನ್ನ ಕಣ್ಣೆದುರು ತೊಟ್ಟಿಲು ಕೆಂಪು ನೀರಿನಲ್ಲಿ ತಿರುಗುತ್ತಾ ಹೋಗುವುದು ಸ್ಪಷ್ಟವಾಗಿ ಕಂಡಿತು, ಅದರ ಹಿಂದೆ ಈಜುವ ನಾನೂ ಕಂಡೆ. ಸೇಸಮ್ಮನಿಗೂ ಕಂಡಿರಬೇಕು. "ಹೊಳೆಗೆ ಹೋಯಿತಾ," ಎಂದರು, ಹೊಳೆಯಾದರೆ ಪರವಾಗಿಲ್ಲ ಎನ್ನುವ ಹಾಗೆ. ಆಗ ಅವರ ಕಣ್ಣು ಗೋಡೆಯ ಗೆರೆಯ ಮೇಲೆ ಬಿತ್ತು. ಮೊಣಕಾಲಿನೆತ್ತರದ ಗೆರೆ. ಅದೇ ಹೊತ್ತಿಗೆ ಬೇಲಿಯಾಚೆಯಿಂದ ಬೀಪಾತುಮ್ಮನ ದನಿ:

"ಈಜಿದ ಕಥೆಯಾ ಆಚಾರಿ? ಇವನ ಮಾತಲ್ಲಿ ಮುಕ್ಕಾಲು ಸುಳ್ಳು ಅಕ್ಕ, ನಂಬಬೇಡಿ. ಆದರೆ ಕೆಲಸದವ. ಕಟ್ಟಿಗೆಯ ವಿಷಯದಲ್ಲಿ ಮಾತ್ರ ಸುಳ್ಳಿಲ್ಲ. ಅಂಥ ನೆರೆಯಲ್ಲಿ ಇಡೀ ಬೀದಿಗೆ ಇವನ ಮನೆಯಲ್ಲಿ ಮಾತ್ರ ಹೊಗೆ. ಹಲಸಿನ ಹೊಗೆ, ಎಂಥ ಪರಿಮಳ!" ನನ್ನ ಮರ್ಯಾದೆ ಉಳಿಸಿದ ಸಂತೋಷದಲ್ಲಿ ಅವರು ಕೋಳಿಗಳನ್ನು ಅಟ್ಟಿಕೊಂಡು ಹೋದರು.

ಸೇಸಮ್ಮ ಬಯ್ಯುತ್ತಾರೆ, ಮಣ್ಣು ತೂರುತ್ತಾರೆ ಎಂದು ಕಾದೆ. ಅವರು ಸೀರೆಯ ತುಂಡನ್ನು ನಾಲ್ಕಾಗಿ ಮಡಚಿದರು. "ಆ ದಿನ ಊಟ ಆಯಿತಾ?" ಎಂದು ಕೇಳಿದರು.

"ಆಯಿತು," ಎಂದು ಒಳಗಿನಿಂದ ಸರಸ ಹೇಳಿದಳು.

"ತೊಟ್ಟಿಲಿನ ಬೂದಿ ಉಂಟಾ? ಸ್ವಲ್ಪ ಸಾಕು. ಈ ಮರಿಗೆಯಲ್ಲೇ ಹಾಕಿ ಕೊಡು. ತಳದಲ್ಲಿ ಆ ಬೂದಿ, ಮೇಲೆ ಉಪ್ಪು. ಅವಳಿಗೆ ನಾನು ಹೇಳಿಕೊಳ್ತೇನೆ."

ನಾನು ಒಳಗೆ ಓಡಿದೆ. ಬದುಕಿದೆ! ಒಲೆಯ ತುಂಬ ಬೂದಿ. ನಿನ್ನೆಯದು, ಮೊನ್ನೆಯದು, ಮಿಲ್ಲಿನ ಮಾವಿನ ಮರದ ಸಿಪ್ಪೆಯದು. ಬೂದಿಗೆ ಜಾತಿಯಿಲ್ಲ, ಬೂದಿಯ ಮೇಲೆ ಯಾರ ಹಲ್ಲಿನ ಗುರುತೂ ಇಲ್ಲ. ಮರಿಗೆಯಲ್ಲಿ ತುಂಬಿ ಬೆರಳಿನಿಂದ ನಯ ಮಾಡಿದೆ. ಈ ಬೂದಿಯನ್ನು ನಾನು ಹೇಗೆ ಬೇರೆಯೇ ತೆಗೆದಿರಿಸಿದೆ, ಹೇಗೆ ದಿನಾ ಅದರೆದುರು ದೀಪ ಇಟ್ಟೆ, ಎಲ್ಲವೂ ನಾಲಗೆಯ ತುದಿಗೆ ಬಂದು ನಿಂತಿತ್ತು, ನನ್ನ ಜೀವನದಲ್ಲೇ ಒಳ್ಳೆಯ ಕಥೆ. ಸರಸ ಗಂಜಿಯ ತಪ್ಪಲೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ, ತಪ್ಪಲೆಯನ್ನು ನೋಡುತ್ತಿದ್ದಳು. ಅದು ಹೊಳೆಯುತ್ತಿತ್ತು. ಗಂಜಿ ಉಂಡ ಆ ಸಂಜೆಯೇ ಅವಳು ಒಲೆ ಬರಿದು ಮಾಡಿ, ಆ ಬೂದಿಯಲ್ಲೇ ಅದನ್ನು ತಿಕ್ಕಿ ತಿಕ್ಕಿ, ಹಿತ್ತಿಲ ಬಾಗಿಲಲ್ಲಿ ನೆರೆಯ ನೀರಿಗೆ ಅದ್ದಿ ತೊಳೆದಿದ್ದಳು. ನಾನು ತೇಗುತ್ತಾ ನೋಡಿದ್ದೆ.

ಹೊರಗೆ ಸೇಸಮ್ಮ ಎರಡೂ ಕೈ ಚಾಚಿದರು, ಕೂಸನ್ನು ತೆಗೆದುಕೊಳ್ಳುವಾಗ ಚಾಚುವ ಹಾಗೆ. ನಾನು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತೆ.

"ಇದು ಅದಲ್ಲ ಸೇಸಮ್ಮಕ್ಕ," ಎಂದೆ. "ಅದು ಪಾತ್ರೆ ತಿಕ್ಕಿ ಹೋಯಿತು. ಏನೂ ಉಳಿದಿಲ್ಲ. ಹೊಳೆ ತಕೊಂಡು ಹೋದದ್ದಲ್ಲ, ನಾನೇ ಒಲೆಗಿಟ್ಟದ್ದು. ಸರಸ ಬೇಡ ಅಂದಳು. ಬೀಪಾತುಮ್ಮ ಮಡಲು ಕೊಡ್ತೇನೆ ಅಂದರು. ನನ್ನಲ್ಲಿ ಕಟ್ಟಿಗೆ ಇಲ್ಲ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರಲಿಲ್ಲ."

ಸೇಸಮ್ಮ ಮರಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೂದಿಯನ್ನು ಅಂಗಳದ ಕೆಸರಿಗೆ ಸುರಿದು, ಒಳಗನ್ನು ಸೆರಗಿನಿಂದ ಒರೆಸಿದರು. ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ಮದುವೆ ಹತ್ತಿರವಿತ್ತು, ಬಸುರಿ ಜಲಜಾಕ್ಷಿ ಮನೆಯಲ್ಲಿದ್ದಳು.

"ಉಪ್ಪು ಹಾಕುವಾಗ ವಿನೋದಾ ಕೇಳ್ತಾಳೆ," ಎಂದರು. "ಸುಳ್ಳು ಹೇಳ್ಲಿಕ್ಕೆ ನನಗೆ ಗೊತ್ತಿಲ್ಲ. ಇದು ಎಲ್ಲಿಯ ಮರ ಆಚಾರಿ?"

"ಮಿಲ್ಲಿನ ಹಿಂದಿನದು," ಎಂದೆ. "ಬಿಸಾಡಿದ ತುಂಡು."